ಪರಂಗಿಮಲೆಯ ಶಾಸಕ ಎಂ.ಜಿ.ಆರ್. ಮತ್ತು ಅವರು ಬಿಟ್ಟುಹೋದ ಕ್ಷೇತ್ರ

ನೇತ್ರಾವತಿಯ ದಂಡೆಯಲ್ಲಿರುವ ನಮ್ಮ ಫರಂಗಿಪೇಟೆ ಕರಾವಳಿಯ ಕ್ರೈಸ್ತರಿಗೆಲ್ಲ ಗೊತ್ತಿರುವ ಊರು. ಪೋರ್ಚುಗೀಸರನ್ನೂ ಅವರ ಧರ್ಮ ಸ್ವೀಕರಿಸಿದವರನ್ನೂ ಹಿಂದಿನ ಜನ ಫರಂಗಿಗಳೆಂದು ಕರೆಯುತ್ತಿದ್ದರು. ಅದೇ ಪದ ತಮಿಳರ ಬಾಯಲ್ಲಿ ಪರಂಗಿ ಆಯಿತು. ಚೆನ್ನೈ ನಗರದ ದಕ್ಷಿಣ ಅಂಚಿನಲ್ಲಿ, ಮೀನಂಬಾಕ್ಕಂ ವಿಮಾನ ನಿಲ್ದಾಣದ ಸಮೀಪ ಇರುವ ಒಂದು ಪುಟ್ಟ ಬೆಟ್ಟಕ್ಕೆ ತಮಿಳಿನಲ್ಲಿ ಪರಂಗಿಮಲೈ ಎಂದೇ ಹೆಸರು. ನಮಗೆ ಅದು ಸಂತ ತೋಮಸರ ಬೆಟ್ಟ. ಯೇಸುಸ್ವಾಮಿಯ ಶಿಷ್ಯರಾದ ಸಂತ ತೋಮಸರು ಕ್ರಿ.ಶ. 72ರಲ್ಲಿ ಈ ಬೆಟ್ಟದಲ್ಲಿ ರಕ್ತಸಾಕ್ಷಿಯಾದರೆಂಬುದು ತಲೆಮಾರುಗಳಿಂದ ಬಂದ ನಂಬಿಕೆ. 1523ರಲ್ಲಿ ಪೋರ್ಚುಗೀಸರು ಬೆಟ್ಟದ ನೆತ್ತಿಯಲ್ಲಿ ಇಗರ್ಜಿ ಕಟ್ಟಿದರು. 2002ರಲ್ಲಿ ಸ್ಥಾಪನೆಯಾದ ಚೆಂಗಲ್ಪಟ್ಟು ಧರ್ಮಪ್ರಾಂತ್ಯದ ವ್ಯಾಪ್ತಿಗೆ ಅದು ಸೇರುತ್ತದೆ. ವೇಳಾಂಕಣ್ಣಿಗೆ ಹೋಗುವ ನಮ್ಮ ಯಾತ್ರಿಕರಲ್ಲಿ ಕೆಲವರು ಚೆನ್ನೈಯಲ್ಲಿ ಇಳಿದು, ಸಾಂತೋಮಿನ ಬಸಿಲಿಕಾವನ್ನೂ ಈ ಬೆಟ್ಟವನ್ನೂ ಸಂದರ್ಶಿಸಿ ಮುಂದೆ ಹೋಗುವುದುಂಟು.

ಆದರೆ ಈ ಬಾರಿ ನಾವು ಬರೆಯ ಹೊರಟಿರುವುದು ಬೆಟ್ಟದ ಮೇಲಿನ ಇಗರ್ಜಿಯ ಬಗ್ಗೆ ಅಲ್ಲ, ಬೆಟ್ಟದ ಬುಡದ ಮತಗಟ್ಟೆಗಳ ಬಗ್ಗೆ. ಇದೇ ಬೆಟ್ಟದ ಹೆಸರಿನ ವಿಧಾನಸಭಾ ಕ್ಷೇತ್ರದಿಂದ 1967ರಲ್ಲಿ ಮೊದಲ ಬಾರಿಗೆ ಶಾಸಕರಾಗಿ ಆಯ್ಕೆಯಾದವರು ಎಂ.ಜಿ. ರಾಮಚಂದ್ರನ್, ಅಂದರೆ ಎಲ್ಲರ ಎಂ.ಜಿ.ಆರ್. ಮುಂದೆ ಹತ್ತು ವರ್ಷಗಳಲ್ಲಿ ಅವರು ತಮಿಳುನಾಡಿನ ಮುಖ್ಯಮಂತ್ರಿಯಾದರು. ಸಿನಿಮಾ ನಟರೊಬ್ಬರು ಮುಖ್ಯಮಂತ್ರಿಯಾದದ್ದು ಈ ದೇಶದಲ್ಲಿ ಅದೇ ಮೊದಲು. ಅವರ ಜೀವನವನ್ನು ಹೇಳುವವರು ಸಾಮಾನ್ಯವಾಗಿ ಬೆಳ್ಳಿತೆರೆಯಿಂದ ಆರಂಭಿಸಿ ಮರೀನಾ ಕಡಲತೀರದ ಸಮಾಧಿಯಲ್ಲಿ ಮುಗಿಸುತ್ತಾರೆ. ನಾವು ಅದನ್ನು ಅವರ ಮೊದಲ ಕ್ಷೇತ್ರದ ಕಡೆಯಿಂದ ನೋಡಲಿದ್ದೇವೆ.

ಕರಾವಳಿಯ ನಮಗೆ ಮದರಾಸಿನ ವಿಧಾನಸಭೆ ಪರಕೀಯವಲ್ಲ ಎಂಬುದನ್ನೂ ಇಲ್ಲಿ ನೆನಪಿಸಬೇಕು. 1956ರಲ್ಲಿ ಭಾಷಾವಾರು ಪ್ರಾಂತ್ಯಗಳ ರಚನೆಯಾಗುವ ತನಕ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ರಾಜ್ಯದ ಭಾಗವಾಗಿತ್ತು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ನಮ್ಮ ಅಜ್ಜ ಅಜ್ಜಿಯಂದಿರು ಮತ ಹಾಕಿ ಆರಿಸಿದ ಶಾಸಕರು ಹೋಗಿ ಕುಳಿತದ್ದು ಮದರಾಸಿನಲ್ಲಿಯೇ. ಅದಕ್ಕೂ ಹಿಂದೆ, 1802ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಭಾರತದ ಮಹಾ ಭೂಮಾಪನವನ್ನು ಆರಂಭಿಸಿದ್ದು ಇದೇ ಸಂತ ತೋಮಸರ ಬೆಟ್ಟದ ಬಳಿಯಿಂದ. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತಾ ಅವರ ತಂಡ ಬೆಂಗಳೂರಿನ ಮೂಲಕ ಬಂದು ತಲಪಿದ್ದು ಮಂಗಳೂರಿನ ಕಡಲಿಗೆ.

ಎಂ.ಜಿ.ಆರ್. ಹುಟ್ಟಿದ್ದು ತಮಿಳುನಾಡಿನಲ್ಲಿ ಅಲ್ಲ. 1917ರ ಜನವರಿ 17ರಂದು ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಕ್ಯಾಂಡಿ ಸಮೀಪದ ನಾವಲಪಿಟಿಯದಲ್ಲಿ ಅವರು ಜನಿಸಿದರು. ತಂದೆ ಗೋಪಾಲ ಮೆನನ್, ತಾಯಿ ಸತ್ಯಭಾಮಾ. ಮನೆಮಾತು ಮಲಯಾಳಂ. ಮಗು ಚಿಕ್ಕದಿರುವಾಗಲೇ ತಂದೆ ತೀರಿಕೊಂಡರು. ತಾಯಿ ಮಕ್ಕಳೊಂದಿಗೆ ಕುಂಭಕೋಣಕ್ಕೆ ಬಂದು ನೆಲೆಸಿದರು. ಬಡತನ ಎಷ್ಟಿತ್ತೆಂದರೆ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಅಣ್ಣ ಚಕ್ರಪಾಣಿಯವರೊಂದಿಗೆ ಮದುರೈ ಒರಿಜಿನಲ್ ಬಾಯ್ಸ್ ಎಂಬ ನಾಟಕ ಕಂಪನಿ ಸೇರಬೇಕಾಯಿತು. ಆ ಕಾಲದ ಬಾಲಕರ ನಾಟಕ ಕಂಪನಿಗಳೆಂದರೆ ಊಟ, ವಸತಿ ಮತ್ತು ಕಟ್ಟುನಿಟ್ಟಿನ ಅಭ್ಯಾಸ. ಹಸಿದ ಮಕ್ಕಳಿಗೆ ಊಟದ ಚಿಂತೆಯಾದರೂ ತಪ್ಪುತ್ತಿತ್ತು. ಈ ಹಸಿವಿನ ನೆನಪು ಮುಂದೆ ಮುಖ್ಯಮಂತ್ರಿಯ ಕಡತಕ್ಕೂ ಬಂತು. ಆ ವಿಷಯ ಮುಂದೆ ನೋಡೋಣ.

1936ರಲ್ಲಿ ಅಮೆರಿಕದ ಎಲ್ಲಿಸ್ ಡಂಕನ್ ನಿರ್ದೇಶಿಸಿದ ಸತಿ ಲೀಲಾವತಿ ಚಿತ್ರದಲ್ಲಿ ಸಣ್ಣ ಪಾತ್ರವೊಂದು ಸಿಕ್ಕಿತು. ನಾಯಕನಾಗಲು ಮತ್ತೆ ಹನ್ನೊಂದು ವರ್ಷ ಕಾಯಬೇಕಾಯಿತು. 1947ರ ರಾಜಕುಮಾರಿ, 1950ರ ಮಂತ್ರಿಕುಮಾರಿ, 1954ರ ಮಲೈಕಳ್ಳನ್ ಹೀಗೆ ಮೇಲೇರಿದ ಅವರು 1958ರಲ್ಲಿ ಸ್ವತಃ ನಿರ್ಮಿಸಿ ನಿರ್ದೇಶಿಸಿದ ನಾಡೋಡಿ ಮನ್ನನ್ ಅವರನ್ನು ಬೇರೆಯೇ ಎತ್ತರಕ್ಕೆ ಒಯ್ದಿತು. ಅದರಲ್ಲಿ ನಮ್ಮ ಬೆಂಗಳೂರಿನ ಬಿ. ಸರೋಜಾದೇವಿಯವರೂ ಇದ್ದರು. ಕನ್ನಡದಲ್ಲಿ ಸ್ಕೂಲ್ ಮಾಸ್ಟರ್, ಕಿತ್ತೂರು ಚೆನ್ನಮ್ಮ ಚಿತ್ರಗಳನ್ನು ಕೊಟ್ಟ ಬಿ.ಆರ್. ಪಂತುಲು ಅವರು 1965ರಲ್ಲಿ ಆಯಿರತ್ತಿಲ್ ಒರುವನ್ ಚಿತ್ರದಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರನ್ನು ಎಂ.ಜಿ.ಆರ್. ಜೊತೆಗೆ ನಾಯಕಿಯಾಗಿ ತಂದರು. ತಮಿಳುನಾಡಿನ ಮುಂದಿನ ಐವತ್ತು ವರ್ಷಗಳ ರಾಜಕೀಯಕ್ಕೆ ಹೀಗೆ ಕನ್ನಡಿಗರೊಬ್ಬರು ಅರಿವಿಲ್ಲದೆಯೇ ಕಾರಣರಾದರು ಎಂದರೆ ಉತ್ಪ್ರೇಕ್ಷೆಯಲ್ಲ. ಅಂದಹಾಗೆ ಎಂ.ಜಿ.ಆರ್. ಯೇಸುಸ್ವಾಮಿಯ ಪಾತ್ರ ಮಾಡುವ ಚಿತ್ರವೊಂದರ ಯೋಜನೆಯೂ ಇತ್ತು. ಆ ವೇಷದಲ್ಲಿ ತೆಗೆಸಿದ ಅವರ ಭಾವಚಿತ್ರ ಅಭಿಮಾನಿಗಳ ನಡುವೆ ಓಡಾಡಿತು. ಚಿತ್ರ ಮಾತ್ರ ತೆರೆಗೆ ಬರಲಿಲ್ಲ.

ರಾಜಕೀಯದಲ್ಲಿ ಅವರು ಮೊದಲು ಕಾಂಗ್ರೆಸ್ಸಿನವರು, ಖಾದಿ ತೊಡುತ್ತಿದ್ದವರು. 1953ರಲ್ಲಿ ಸಿ.ಎನ್. ಅಣ್ಣಾದುರೈಯವರ ದ್ರಾವಿಡ ಮುನ್ನೇತ್ರ ಕಳಗಂ, ಅಂದರೆ ಡಿಎಂಕೆ ಸೇರಿದರು. 1949ರಲ್ಲಿ ಹುಟ್ಟಿದ ಆ ಪಕ್ಷ 1957ರ ಚುನಾವಣೆಯಲ್ಲಿ 15 ಸ್ಥಾನ, 1962ರಲ್ಲಿ 50 ಸ್ಥಾನ ಪಡೆಯಿತು. ಎಂ.ಜಿ.ಆರ್. 1962ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು, ಎರಡು ವರ್ಷಗಳಲ್ಲಿ ರಾಜೀನಾಮೆಯನ್ನೂ ಕೊಟ್ಟರು. ಜನರಿಂದ ನೇರವಾಗಿ ಆಯ್ಕೆಯಾಗುವ ಪರೀಕ್ಷೆ ಎದುರಾದದ್ದು 1967ರಲ್ಲಿ, ಪರಂಗಿಮಲೆ ಕ್ಷೇತ್ರದಲ್ಲಿ.

ಆ ಕ್ಷೇತ್ರ ಅಂದು ಪೂರ್ತಿ ನಗರವೂ ಅಲ್ಲ, ಪೂರ್ತಿ ಹಳ್ಳಿಯೂ ಅಲ್ಲ. ಬೆಟ್ಟದ ಬುಡದಲ್ಲಿ ಸೇನೆಯ ದಂಡುಪ್ರದೇಶ, ಅಧಿಕಾರಿಗಳ ತರಬೇತಿ ಶಾಲೆ, ಹಳೆಯ ಆಂಗ್ಲೋ ಇಂಡಿಯನ್ ಕುಟುಂಬಗಳ ಮನೆಗಳು. ಪಕ್ಕದಲ್ಲಿ ವಿಮಾನ ನಿಲ್ದಾಣ. 1931ರಿಂದ ಮದರಾಸು ಬೀಚಿನಿಂದ ತಾಂಬರಂ ತನಕ ಓಡುತ್ತಿದ್ದ ವಿದ್ಯುತ್ ರೈಲು ಇಲ್ಲಿಂದಲೇ ಹಾದುಹೋಗುತ್ತಿತ್ತು. ಗಿಂಡಿಯ ಕೈಗಾರಿಕಾ ವಸಾಹತು, ಪಲ್ಲಾವರಂ ಕಡೆಯ ಚರ್ಮ ಹದಮಾಡುವ ಕಾರ್ಖಾನೆಗಳು ಹತ್ತಿರದಲ್ಲಿದ್ದವು. ಬೆಳಿಗ್ಗೆ ರೈಲು ಹಿಡಿದು ಕೆಲಸಕ್ಕೆ ಹೋಗಿ ಸಂಜೆ ಮರಳುವ ಕಾರ್ಮಿಕ, ಗುಮಾಸ್ತ, ಅಂಗಡಿಯಾಳು, ಇವರೆಲ್ಲ ಇಲ್ಲಿನ ಮತದಾರರು. ರಾತ್ರಿಯ ಎರಡನೇ ಆಟಕ್ಕೆ ಟೆಂಟು ಟಾಕೀಸಿಗೆ ಹೋಗುವವರೂ ಇವರೇ. ಎಂ.ಜಿ.ಆರ್. ವಾಸವಿದ್ದ ರಾಮಾವರಂ ತೋಟದ ಮನೆಯೂ ಇಲ್ಲಿಂದ ದೂರವಿರಲಿಲ್ಲ.

1967ರ ಜನವರಿ 12ರ ಸಂಜೆ ಆ ಮನೆಗೆ ಇಬ್ಬರು ಬಂದರು. ಒಬ್ಬರು ನಿರ್ಮಾಪಕ ವಾಸು, ಇನ್ನೊಬ್ಬರು ಹಿರಿಯ ನಟ ಎಂ.ಆರ್. ರಾಧಾ. ಮಾತುಕತೆಯ ಮಧ್ಯೆ ರಾಧಾ ಪಿಸ್ತೂಲು ತೆಗೆದು ಎಂ.ಜಿ.ಆರ್. ಅವರ ಎಡಗಿವಿಯ ಬಳಿ ಗುಂಡು ಹಾರಿಸಿದರು, ಮತ್ತೆ ತಮಗೂ ಹೊಡೆದುಕೊಂಡರು. ಇಬ್ಬರೂ ಬದುಕಿದರು. ನ್ಯಾಯಾಲಯ ರಾಧಾ ಅವರಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು, ಸುಪ್ರೀಂ ಕೋರ್ಟು ಅದನ್ನು ಐದಕ್ಕೆ ಇಳಿಸಿತು. ಎಂ.ಜಿ.ಆರ್. ಕುತ್ತಿಗೆಯಲ್ಲಿ ಗುಂಡು ಹೊತ್ತು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದರು. ಮತದಾನಕ್ಕೆ ಉಳಿದದ್ದು ಒಂದು ತಿಂಗಳು ಮಾತ್ರ.

ಪ್ರಚಾರಕ್ಕೆ ಅಭ್ಯರ್ಥಿ ಬರುವಂತಿಲ್ಲ. ಅದರ ಬದಲಿಗೆ ಬಂದದ್ದು ಒಂದು ಚಿತ್ರ: ಕುತ್ತಿಗೆಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು, ಕೈಜೋಡಿಸಿಕೊಂಡು ಹಾಸಿಗೆಯಲ್ಲಿರುವ ಎಂ.ಜಿ.ಆರ್. ಆ ಭಿತ್ತಿಪತ್ರ ಪರಂಗಿಮಲೆಯ ಗೋಡೆಗಳಲ್ಲಿ ಮಾತ್ರವಲ್ಲ, ರಾಜ್ಯದ ಉದ್ದಗಲಕ್ಕೂ ಅಂಟಿಕೊಂಡಿತು. ತೆರೆಯ ಮೇಲೆ ಎಂದೂ ಸೋಲದ, ಬಡವರ ಪರವಾಗಿ ಹತ್ತು ಜನರನ್ನು ಒಬ್ಬನೇ ಹೊಡೆದುರುಳಿಸುವ ನಾಯಕ ಈಗ ನಿಜವಾಗಿಯೂ ಗಾಯಗೊಂಡು ಮಲಗಿದ್ದಾನೆ ಎಂಬುದು ಹೆಂಗಸರ ಮನಸ್ಸಿಗೆ ವಿಶೇಷವಾಗಿ ತಟ್ಟಿತು. ಹಾಗೆಂದು ಆ ಚುನಾವಣೆಯನ್ನು ಅನುಕಂಪ ಒಂದೇ ಗೆದ್ದುಕೊಟ್ಟಿತೆಂದು ಹೇಳುವುದು ತಪ್ಪಾದೀತು. ಅಕ್ಕಿಯ ಅಭಾವ, ಬೆಲೆಯೇರಿಕೆ, 1965ರ ಹಿಂದಿ ವಿರೋಧಿ ಚಳವಳಿಯಲ್ಲಿ ನಡೆದ ಗೋಲಿಬಾರು, ಇವೆಲ್ಲ ಕಾಂಗ್ರೆಸ್ಸಿನ ಮೇಲೆ ಜನ ಸಿಟ್ಟಾಗಲು ಸಾಕಾಗಿದ್ದವು. ಕಾಮರಾಜರಂಥ ನಾಯಕರೇ ವಿರುದುನಗರದಲ್ಲಿ ವಿದ್ಯಾರ್ಥಿ ಮುಖಂಡರೊಬ್ಬರ ಎದುರು ಸೋತರು. 234 ಸ್ಥಾನಗಳ ವಿಧಾನಸಭೆಯಲ್ಲಿ ಡಿಎಂಕೆ 137 ಗೆದ್ದಿತು. ಪರಂಗಿಮಲೆಯಲ್ಲಿ ಎಂ.ಜಿ.ಆರ್. ಪಡೆದದ್ದು ಶೇಕಡಾ 66.67 ಮತ, ಎದುರಾಳಿ ಕಾಂಗ್ರೆಸ್ಸಿನ ಟಿ.ಎಲ್. ರಘುಪತಿಯವರಿಗೆ ಸಿಕ್ಕಿದ್ದು ಶೇಕಡಾ 32.57. ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ಎಂ.ಜಿ.ಆರ್. ಅವರಿಗೆ ಮತ ಹಾಕಿದ್ದರು.

ಆಸ್ಪತ್ರೆಯಿಂದ ಹೊರಬಂದಾಗ ಅವರ ದನಿ ಬದಲಾಗಿತ್ತು, ಎಡಗಿವಿ ಕೇಳಿಸುತ್ತಿರಲಿಲ್ಲ. ನಟರಿಗೆ ದನಿ ಹೋದರೆ ವೃತ್ತಿಯೇ ಹೋದಂತೆ. ಬೇರೆಯವರಿಂದ ಕಂಠದಾನ ಮಾಡಿಸಲು ಒಪ್ಪದೆ ಅದೇ ಒಡೆದ ದನಿಯಲ್ಲಿ ಅವರು ನಟಿಸಿದರು. ಅದೇ ವರ್ಷ ಬಂದ ಕಾವಲ್ಕಾರನ್ ಚಿತ್ರದಲ್ಲಿ ಜನ ಆ ದನಿಯನ್ನು ಕೇಳಿ ಕೈಬಿಡಲಿಲ್ಲ. ಮುಂದೆ 1971ರ ರಿಕ್ಷಾಕಾರನ್ ಚಿತ್ರಕ್ಕಾಗಿ ರಾಷ್ಟ್ರಮಟ್ಟದ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು.

ಇಲ್ಲಿ ನಾವು ಲೆಕ್ಕದ ಕಡೆ ಓದುಗರ ಗಮನ ಸೆಳೆಯಬೇಕು. 1969ರ ಫೆಬ್ರುವರಿಯಲ್ಲಿ ಅಣ್ಣಾದುರೈ ತೀರಿಕೊಂಡರು. ಎಂ.ಜಿ.ಆರ್. ಬೆಂಬಲದಿಂದ ಕರುಣಾನಿಧಿ ಮುಖ್ಯಮಂತ್ರಿಯಾದರು. 1971ರ ಚುನಾವಣೆಯಲ್ಲಿ ಡಿಎಂಕೆ 137ರಿಂದ 184ಕ್ಕೆ ಹಾರಿತು. ಅಷ್ಟು ದೊಡ್ಡ ಅಲೆಯಲ್ಲಿ ಪಕ್ಷದ ಅತಿ ಜನಪ್ರಿಯ ಮುಖದ ಮತವೂ ಏರಬೇಕಿತ್ತಲ್ಲವೇ? ಪರಂಗಿಮಲೆಯಲ್ಲಿ ಆದದ್ದು ತದ್ವಿರುದ್ಧ. ಮತ್ತೆ ಎದುರಾದ ಅದೇ ರಘುಪತಿಯವರ ಮುಂದೆ ಎಂ.ಜಿ.ಆರ್. ಗೆದ್ದರು ನಿಜ, ಆದರೆ ಅವರ ಪಾಲು ಶೇಕಡಾ 61.11ಕ್ಕೆ ಇಳಿಯಿತು, ರಘುಪತಿಯವರದು 38.10ಕ್ಕೆ ಏರಿತು. ಈ ಬಾರಿ ಅವರು ಆರೋಗ್ಯವಂತರಾಗಿ ಊರೂರು ಸುತ್ತಿ ಪ್ರಚಾರ ಮಾಡಿದ್ದರು. ಕ್ಷೇತ್ರದ ಜನ ನಾಲ್ಕು ವರ್ಷ ತಮ್ಮ ಶಾಸಕರನ್ನು ಶಾಸಕರಾಗಿ ನೋಡಿದ್ದರು. ಚಿತ್ರೀಕರಣ, ರಾಜ್ಯ ಪ್ರವಾಸ, ಪಕ್ಷದ ಕೆಲಸಗಳ ನಡುವೆ ಮೋರಿ, ನಲ್ಲಿ, ದಾರಿದೀಪಗಳಿಗೆ ಸಮಯ ಸಿಗುವುದು ಯಾವ ತಾರೆಗೂ ಕಷ್ಟವೇ. ಐದಾರು ಶೇಕಡಾ ಕುಸಿತದಿಂದ ಗೆಲುವಿಗೇನೂ ಧಕ್ಕೆಯಾಗಲಿಲ್ಲವಾದರೂ, ಉಪನಗರದ ಮತದಾರ ಅಭಿಮಾನಿಯೂ ಹೌದು, ಲೆಕ್ಕ ಇಡುವವನೂ ಹೌದು ಎಂಬುದು ಅಂದೇ ಕಾಣಿಸಿತ್ತು ಎಂದು ನಮ್ಮ ಅನಿಸಿಕೆ.

1972ರ ಅಕ್ಟೋಬರಿನಲ್ಲಿ ಎಲ್ಲವೂ ಒಡೆಯಿತು. ಪಕ್ಷದ ಹಣಕ್ಕೆ ಲೆಕ್ಕ ಕೊಡಬೇಕೆಂದು ಎಂ.ಜಿ.ಆರ್. ಬಹಿರಂಗ ಸಭೆಯಲ್ಲಿ ಕೇಳಿದರು. ಪಕ್ಷ ಅವರನ್ನು ಮೊದಲು ಅಮಾನತು ಮಾಡಿ ನಂತರ ಉಚ್ಚಾಟಿಸಿತು. ಅಕ್ಟೋಬರ್ 17ರಂದು ಅವರು ಅಣ್ಣಾ ಡಿಎಂಕೆ ಕಟ್ಟಿದರು. ರಾಜ್ಯದಾದ್ಯಂತ ಹಬ್ಬಿದ್ದ ಅಭಿಮಾನಿ ಸಂಘಗಳು ಹೊಸ ಪಕ್ಷದ ಶಾಖೆಗಳಾದವು. ಪರಂಗಿಮಲೆಯ ಮತದಾರರು ಹೀಗೆ ಒಂದು ವಿಚಿತ್ರ ಸ್ಥಿತಿಗೆ ಬಂದರು. ಉದಯಸೂರ್ಯನಿಗೆ ಒತ್ತಿದ ಮುದ್ರೆ ವಿರೋಧ ಪಕ್ಷದ ಶಾಸಕರನ್ನು ಕೊಟ್ಟಂತಾಯಿತು. ಪಕ್ಷಾಂತರ ನಿಷೇಧ ಕಾಯಿದೆ ಬಂದದ್ದು 1985ರಲ್ಲಿ, ಆದ್ದರಿಂದ ಮತ್ತೆ ಜನರ ಬಳಿ ಹೋಗಬೇಕಾದ ಅಗತ್ಯವಿರಲಿಲ್ಲ. ಹೊಸ ಪಕ್ಷದ ಬಲಪರೀಕ್ಷೆ ನಡೆದದ್ದು ದೂರದ ದಿಂಡಿಗಲ್ಲಿನಲ್ಲಿ. 1973ರ ಮೇ ತಿಂಗಳ ಲೋಕಸಭಾ ಉಪಚುನಾವಣೆಯಲ್ಲಿ ಮಾಯಾ ತೇವರ್ ಎರಡೆಲೆ ಚಿಹ್ನೆಯಲ್ಲಿ ಗೆದ್ದರು.

1976ರ ಜನವರಿ 31ರಂದು ಕೇಂದ್ರ ಸರಕಾರ ಕರುಣಾನಿಧಿ ಸರಕಾರವನ್ನು ವಜಾ ಮಾಡಿತು. 1977ರ ಜೂನ್ ಚುನಾವಣೆಯ ಹೊತ್ತಿಗೆ ಕ್ಷೇತ್ರಗಳ ಗಡಿ ಬದಲಾಗಿ ಪರಂಗಿಮಲೆಯ ಹೆಸರು ಅಳಿಸಿಹೋಯಿತು, ಅದರ ಜಾಗದಲ್ಲಿ ಆಲಂದೂರು ಬಂತು. ಎಂ.ಜಿ.ಆರ್. ಅಲ್ಲಿ ನಿಲ್ಲಲಿಲ್ಲ. ದಕ್ಷಿಣದ ಅರುಪ್ಪುಕೋಟೆಗೆ ಹೋದರು. 1980ರಲ್ಲಿ ಮದುರೈ ಪಶ್ಚಿಮ, 1984ರಲ್ಲಿ ಆಂಡಿಪಟ್ಟಿ. ತಮ್ಮನ್ನು ಮೊದಲು ಆರಿಸಿದ ಉಪನಗರಕ್ಕೆ ಅವರು ಅಭ್ಯರ್ಥಿಯಾಗಿ ಮತ್ತೆಂದೂ ಮರಳಲಿಲ್ಲ. ಯಾಕೆ? ಮದರಾಸು ನಗರದಲ್ಲಿ ಡಿಎಂಕೆಯ ಬೇರು ಆಳವಾಗಿತ್ತು. 1977ರಲ್ಲಿ ರಾಜ್ಯವಿಡೀ ಸೋತಾಗಲೂ ನಗರದ ಬಹುಪಾಲು ಸ್ಥಾನಗಳನ್ನು ಅದು ಉಳಿಸಿಕೊಂಡಿತು. ಗಲ್ಲಿ ಗಲ್ಲಿಗೂ ಕಾರ್ಯಕರ್ತರು, ವಾಚನಾಲಯಗಳು, ಕಾರ್ಮಿಕ ಸಂಘಗಳು. ಎಂ.ಜಿ.ಆರ್. ಬಲ ಇದ್ದದ್ದು ದಕ್ಷಿಣ ಮತ್ತು ಪಶ್ಚಿಮದ ಹಳ್ಳಿಗಳಲ್ಲಿ, ಪತ್ರಿಕೆ ಓದದ ಬಡವರಲ್ಲಿ, ಹೆಂಗಸರಲ್ಲಿ. ತಮ್ಮ ಶಕ್ತಿ ಎಲ್ಲಿದೆಯೆಂದು ಅವರಷ್ಟು ಚೆನ್ನಾಗಿ ಅರಿತ ರಾಜಕಾರಣಿ ಇನ್ನೊಬ್ಬರಿಲ್ಲ.

1977ರ ಜೂನ್ 30ರಂದು ಮುಖ್ಯಮಂತ್ರಿಯಾದ ಅವರು, 1980ರ ಕೆಲವು ತಿಂಗಳು ಬಿಟ್ಟರೆ, ಸಾಯುವ ತನಕ ಆ ಹುದ್ದೆಯಲ್ಲಿದ್ದರು. ಅವರ ಆಡಳಿತವನ್ನು ಹೊಗಳುವವರು ಮೊದಲು ಹೇಳುವುದು ಬಿಸಿಯೂಟ. 1982ರ ಜುಲೈ 1ರಂದು ಆರಂಭವಾದ ಪೌಷ್ಟಿಕ ಮಧ್ಯಾಹ್ನದೂಟ ಯೋಜನೆಯಲ್ಲಿ ಸುಮಾರು 60 ಲಕ್ಷ ಮಕ್ಕಳಿಗೆ ಊಟ ಸಿಕ್ಕಿತು. ಕಾಮರಾಜರ ಕಾಲದಲ್ಲಿಯೇ ಶಾಲೆಯ ಊಟ ಇತ್ತು, ಆದರೆ ಅಂಗನವಾಡಿಯ ಕೂಸಿನಿಂದ ಹಿಡಿದು ಈ ಪ್ರಮಾಣದಲ್ಲಿ ಯಾರೂ ಮಾಡಿರಲಿಲ್ಲ. ಹಣ ಎಲ್ಲಿಂದ ಎಂದು ಅರ್ಥಶಾಸ್ತ್ರಜ್ಞರು ಕೇಳಿದರು, ದೆಹಲಿಯಲ್ಲಿ ಕೆಲವರು ನಕ್ಕರು. ಸುಮಾರು ಎರಡು ದಶಕಗಳ ನಂತರ, 2001ರಲ್ಲಿ, ಸುಪ್ರೀಂ ಕೋರ್ಟೇ ಬೇಯಿಸಿದ ಊಟವನ್ನು ದೇಶದ ಸರಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಕಡ್ಡಾಯ ಮಾಡಿತು. 2002ರಲ್ಲಿ ಆರಂಭವಾದ ನಮ್ಮ ಅಕ್ಷರ ದಾಸೋಹ ಅದೇ ಹಾದಿಯಲ್ಲಿ ಬಂದದ್ದು. ನಾಟಕ ಕಂಪನಿಯ ಊಟಕ್ಕಾಗಿ ಶಾಲೆ ಬಿಟ್ಟ ಹುಡುಗನ ನೆನಪು ಇದರಲ್ಲಿ ಕೆಲಸ ಮಾಡಿತ್ತೆಂದು ನಾವು ನಂಬುತ್ತೇವೆ.

ಇನ್ನೊಂದು ಮುಖವನ್ನೂ ಮರೆಮಾಚಬಾರದು. ಮೊದಲು ಕಟ್ಟುನಿಟ್ಟಾಗಿ ಪಾನನಿರೋಧ ನಡೆಸಿದ ಅದೇ ಸರಕಾರ 1981ರಲ್ಲಿ ಸಾರಾಯಿ ಅಂಗಡಿ ತೆರೆಯಲು ಬಿಟ್ಟಿತು, 1983ರಲ್ಲಿ ಮದ್ಯ ಮಾರಾಟಕ್ಕೆ ಟಾಸ್ಮಾಕ್ ನಿಗಮವನ್ನೇ ಸ್ಥಾಪಿಸಿತು. ಮಕ್ಕಳ ತಟ್ಟೆಗೆ ಹಾಕಿದ ಅನ್ನದ ಖರ್ಚಿನಲ್ಲಿ ಒಂದು ಪಾಲು ಅವರ ಅಪ್ಪಂದಿರ ಗ್ಲಾಸಿನಿಂದ ಬಂತು ಎಂದು ಟೀಕಿಸಿದವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಧರ್ಮಪುರಿ, ಉತ್ತರ ಆರ್ಕಾಟು ಕಡೆ ನಕ್ಸಲರ ಮೇಲಿನ ಕಾರ್ಯಾಚರಣೆ ಕಠೋರವಾಗಿತ್ತು. 1982ರ ಮಾರ್ಚಿನಲ್ಲಿ ಕನ್ಯಾಕುಮಾರಿ ಜಿಲ್ಲೆಯ ಮಂಡೈಕಾಡಿನಲ್ಲಿ ಹಿಂದೂಗಳಿಗೂ ಕ್ರೈಸ್ತ ಮೀನುಗಾರರಿಗೂ ನಡುವೆ ಹೊತ್ತಿಕೊಂಡ ಗಲಭೆಯಲ್ಲಿ ಪೊಲೀಸರ ಗುಂಡಿಗೆ ಪ್ರಾಣಗಳು ಹೋದವು. ಸರಕಾರ ನ್ಯಾಯಮೂರ್ತಿ ವೇಣುಗೋಪಾಲ್ ಆಯೋಗವನ್ನು ನೇಮಿಸಿತು. ಕಡಲ ಮಕ್ಕಳ ಮೀನುಗಾರ ಪಾತ್ರದಿಂದ ತೀರದುದ್ದಕ್ಕೂ ಮನೆಮಾತಾಗಿದ್ದ ಮುಖ್ಯಮಂತ್ರಿಗೆ ಅದು ಸಣ್ಣ ಪೆಟ್ಟಲ್ಲ.

ಸೋಲಿನಿಂದ ಪಾಠ ಕಲಿಯುವ ವೇಗ ಮಾತ್ರ ಅವರಿಗಿತ್ತು. 1979ರಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿಗೆ ವರ್ಷಕ್ಕೆ 9,000 ರೂಪಾಯಿ ಆದಾಯದ ಮಿತಿ ಹಾಕಿದರು. 1980ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ದಕ್ಕಿದ್ದು 39ರಲ್ಲಿ 2 ಸ್ಥಾನ. ಕೂಡಲೇ ಮಿತಿಯನ್ನು ತೆಗೆದುಹಾಕಿ ಮೀಸಲಾತಿಯನ್ನು ಶೇಕಡಾ 31ರಿಂದ 50ಕ್ಕೆ ಏರಿಸಿದರು. ಫೆಬ್ರುವರಿಯಲ್ಲಿ ಕೇಂದ್ರ ಅವರ ಸರಕಾರವನ್ನು ವಜಾ ಮಾಡಿತು. ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಅವರು ಮತ್ತೆ ಗೆದ್ದು ಬಂದರು.

1984ರ ಅಕ್ಟೋಬರಿನಲ್ಲಿ ಮೂತ್ರಪಿಂಡ ಕೈಕೊಟ್ಟಿತು, ಪಾರ್ಶ್ವವಾಯುವೂ ಬಡಿಯಿತು. ಆ ತಿಂಗಳ ಕೊನೆಯ ದಿನ ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ನವೆಂಬರಿನಲ್ಲಿ ಎಂ.ಜಿ.ಆರ್. ಅವರನ್ನು ನ್ಯೂಯಾರ್ಕಿನ ಬ್ರೂಕ್ಲಿನ್ ಆಸ್ಪತ್ರೆಗೆ ಒಯ್ಯಲಾಯಿತು. ಅಣ್ಣನ ಮಗಳು ಲೀಲಾವತಿ ತಮ್ಮ ಮೂತ್ರಪಿಂಡವನ್ನು ಕೊಟ್ಟರು. ಚುನಾವಣೆ ಘೋಷಣೆಯಾದಾಗ ಮುಖ್ಯಮಂತ್ರಿ ಸಾವಿರಾರು ಮೈಲು ದೂರದ ಹಾಸಿಗೆಯಲ್ಲಿದ್ದರು. ಅವರು ಬದುಕಿದ್ದಾರೋ ಇಲ್ಲವೋ ಎಂಬ ಗಾಳಿಸುದ್ದಿ ಹಳ್ಳಿಹಳ್ಳಿಗೆ ಹಬ್ಬಿತ್ತು. ಪಕ್ಷದವರು ಆಸ್ಪತ್ರೆಯಲ್ಲಿ ಅವರು ಊಟ ಮಾಡುವ, ಮಾತಾಡುವ ದೃಶ್ಯಗಳನ್ನು ಚಿತ್ರೀಕರಿಸಿ ತಂದು ಊರೂರಿನಲ್ಲಿ ತೋರಿಸಿದರು. ಹದಿನೇಳು ವರ್ಷ ಹಿಂದಿನ ಭಿತ್ತಿಪತ್ರದ ಜಾಗಕ್ಕೆ ವಿಡಿಯೋ ಬಂದಿತ್ತು, ಅಷ್ಟೇ.

ಆಂಡಿಪಟ್ಟಿಯಲ್ಲಿ ಅವರಿಗೆ ಬಂದದ್ದು ಶೇಕಡಾ 67.40. ಅವರ ಐದು ವಿಧಾನಸಭಾ ಚುನಾವಣೆಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರೆ ಅಚ್ಚರಿಯಾಗುತ್ತದೆ. ಪರಂಗಿಮಲೆ 1971ರಲ್ಲಿ 61.11, ಅರುಪ್ಪುಕೋಟೆ 56.23, ಮದುರೈ ಪಶ್ಚಿಮ 59.61. ಇವು ಅವರು ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದ ಚುನಾವಣೆಗಳು. ಪರಂಗಿಮಲೆ 1967ರಲ್ಲಿ 66.67, ಆಂಡಿಪಟ್ಟಿ 1984ರಲ್ಲಿ 67.40. ಇವೆರಡರಲ್ಲಿ ಅಭ್ಯರ್ಥಿ ಕ್ಷೇತ್ರಕ್ಕೆ ಕಾಲಿಡಲೇ ಇಲ್ಲ. ಜನ ಅವರಿಗೆ ಅತಿ ಹೆಚ್ಚು ಕೊಟ್ಟದ್ದು ಅವರನ್ನು ಕಾಣದಿದ್ದಾಗ, ಕಳೆದುಕೊಳ್ಳುವ ಭಯ ಹುಟ್ಟಿದಾಗ. ಅಭಿಮಾನದ ಸಂಕೇತವಾಗಿ ಇದನ್ನು ಓದುವವರಿದ್ದಾರೆ. ನಮಗೆ ಮಾತ್ರ ಇದರಲ್ಲಿ ಸ್ವಲ್ಪ ಕಳವಳವೂ ಕಾಣುತ್ತದೆ. ಶಾಸಕನ ಕೆಲಸಕ್ಕಿಂತ ಶಾಸಕನ ಗಾಯ ಹೆಚ್ಚು ಮತ ತರುವುದಾದರೆ, ಕ್ಷೇತ್ರದ ನೀರು, ರಸ್ತೆ, ಶಾಲೆಗಳ ಗತಿಯೇನು?

1987ರ ಡಿಸೆಂಬರ್ 24ರ ಮುಂಜಾನೆ, ನಾವೆಲ್ಲ ಕ್ರಿಸ್ಮಸ್ ಸಿದ್ಧತೆಯಲ್ಲಿದ್ದ ದಿನ, ಎಂ.ಜಿ.ಆರ್. ಕೊನೆಯುಸಿರೆಳೆದರು. ದುಃಖ ತಾಳಲಾರದೆ ಅನೇಕರು ಪ್ರಾಣ ಕಳೆದುಕೊಂಡರು. ಮರುವರ್ಷ ಭಾರತರತ್ನ ನೀಡಲಾಯಿತು. ಪತ್ನಿ ಜಾನಕಿ ಕೆಲವೇ ವಾರ ಮುಖ್ಯಮಂತ್ರಿಯಾಗಿದ್ದರು. ಪಕ್ಷ ಜಾನಕಿ ಬಣ, ಜಯಲಲಿತಾ ಬಣವೆಂದು ಒಡೆಯಿತು, ಎರಡೆಲೆ ಚಿಹ್ನೆಯನ್ನು ತಡೆಹಿಡಿಯಲಾಯಿತು. ಮಕ್ಕಳಿಲ್ಲದ ಅವರು ಉಯಿಲಿನಲ್ಲಿ ರಾಮಾವರಂ ತೋಟದಲ್ಲಿ ಕಿವಿ ಕೇಳದ, ಮಾತು ಬಾರದ ಮಕ್ಕಳ ಶಾಲೆಗೆ ವ್ಯವಸ್ಥೆ ಮಾಡಿದ್ದರು. ಗುಂಡೇಟಿನಿಂದ ಸ್ವತಃ ಕಿವಿ, ದನಿ ಎರಡನ್ನೂ ಕೆಡಿಸಿಕೊಂಡ ಅದೇ ಮನೆಯ ಅಂಗಳದಲ್ಲಿ ಆ ಶಾಲೆ ಸ್ಥಾಪನೆಯಾಯಿತು.

ಅವರು ಬಿಟ್ಟುಹೋದ ಕ್ಷೇತ್ರದ ಕಥೆ ಮುಂದುವರಿಯಿತು. 1989ರಲ್ಲಿ ಆಲಂದೂರು ಡಿಎಂಕೆಗೆ, 1991ರಲ್ಲಿ ಅಣ್ಣಾ ಡಿಎಂಕೆಗೆ, 1996ರಲ್ಲಿ ಮತ್ತೆ ಡಿಎಂಕೆಗೆ, 2001ರಲ್ಲಿ ಅಣ್ಣಾ ಡಿಎಂಕೆಯ ಬಿ. ವಳರ್ಮತಿಯವರಿಗೆ, 2006ರಲ್ಲಿ ಡಿಎಂಕೆಯ ಟಿ.ಎಂ. ಅನ್ಬರಸನ್ ಅವರಿಗೆ ಒಲಿಯಿತು. ಪ್ರತಿ ಬಾರಿಯೂ ರಾಜ್ಯದಲ್ಲಿ ಯಾರು ಅಧಿಕಾರಕ್ಕೆ ಬಂದರೋ ಅವರದೇ ಶಾಸಕ. ಉಪನಗರ ಗಾಳಿ ಬೀಸಿದ ಕಡೆ ತಿರುಗುವ ಗಾಳಿಕೋಳಿಯಂತೆ ಆಗಿತ್ತು. 2011ರಲ್ಲಿ ಆದದ್ದು ಎಲ್ಲಕ್ಕಿಂತ ಕುತೂಹಲದ್ದು. ಅಣ್ಣಾ ಡಿಎಂಕೆಯೊಂದಿಗೆ ಮೈತ್ರಿ ಮಾಡಿದ್ದ ನಟ ವಿಜಯಕಾಂತರ ಡಿಎಂಡಿಕೆ ಇಲ್ಲಿ ಗೆದ್ದಿತು. ಗೆದ್ದ ಅಭ್ಯರ್ಥಿ ಪನ್ರುಟಿ ರಾಮಚಂದ್ರನ್, ಹಿಂದೆ ಎಂ.ಜಿ.ಆರ್. ಸಂಪುಟದಲ್ಲಿ ಮಂತ್ರಿಯಾಗಿದ್ದವರು. ಒಬ್ಬ ನಟನ ಮಂತ್ರಿ, ಇನ್ನೊಬ್ಬ ನಟನ ಪಕ್ಷದಿಂದ, ಮೊದಲ ನಟನ ಹಳೆಯ ಊರಿನ ಶಾಸಕ! ಅವರು ಎರಡೂವರೆ ವರ್ಷದಲ್ಲಿ ರಾಜೀನಾಮೆ ಕೊಟ್ಟರು. 2014ರ ಉಪಚುನಾವಣೆಯಲ್ಲಿ ಅಣ್ಣಾ ಡಿಎಂಕೆ ಗೆದ್ದಿತು.

2016ರಲ್ಲಿ ಗಾಳಿಕೋಳಿ ಕೈಕೊಟ್ಟಿತು. ರಾಜ್ಯದಲ್ಲಿ ಜಯಲಲಿತಾ ಅಧಿಕಾರ ಉಳಿಸಿಕೊಂಡರೂ ಆಲಂದೂರಿನಲ್ಲಿ ಅನ್ಬರಸನ್, ಈಗ ಅಣ್ಣಾ ಡಿಎಂಕೆಯಲ್ಲಿದ್ದ ಅದೇ ಪನ್ರುಟಿ ರಾಮಚಂದ್ರನ್ ಅವರನ್ನು 19 ಸಾವಿರ ಮತಗಳಿಂದ ಸೋಲಿಸಿದರು. 2021ರಲ್ಲಿ ವಳರ್ಮತಿಯವರ ಎದುರು ಅನ್ಬರಸನ್ ಅವರ ಅಂತರ 40 ಸಾವಿರ ದಾಟಿತು.

ಈ ಬದಲಾವಣೆಗೆ ಕಾರಣ ಊರೇ ಬದಲಾದದ್ದು ಎಂದು ನಾವು ತಿಳಿಯುತ್ತೇವೆ. ಶತಮಾನದ ಆರಂಭದಲ್ಲಿ ಆಲಂದೂರು ಪುರಸಭೆ ಒಳಚರಂಡಿ ಯೋಜನೆ ಕೈಗೊಂಡಾಗ ಪ್ರತಿ ಮನೆಯವರಿಂದ 5,000 ರೂಪಾಯಿ ಠೇವಣಿ ಕೇಳಿತು. ಪುರಸಭಾಧ್ಯಕ್ಷ ಆರ್.ಎಸ್. ಭಾರತಿಯವರು ಓಣಿ ಓಣಿಗೆ ಹೋಗಿ ಜನರನ್ನು ಒಪ್ಪಿಸಿದರು. ಜನ ದುಡ್ಡು ಕೊಟ್ಟರು, ಚರಂಡಿ ಬಂತು, ದೇಶದ ಬೇರೆ ಊರಿನವರು ನೋಡಲು ಬಂದರು. ನಮ್ಮ ವಾಳೆಗಳ ಗುರ್ಕಾರರಿಗೆ ಮನೆಮನೆಯಿಂದ ವಂತಿಗೆ ಸಂಗ್ರಹಿಸುವುದೆಂದರೇನೆಂದು ವಿವರಿಸಬೇಕಿಲ್ಲ. ಕೊಟ್ಟ ಹಣಕ್ಕೆ ಪ್ರತಿಫಲ ಕಂಡ ಮತದಾರ ಮುಂದಿನ ಸಲ ಭಿತ್ತಿಪತ್ರಕ್ಕಿಂತ ಕೊಳವೆಯನ್ನು ನೋಡುತ್ತಾನೆ. 2011ರಲ್ಲಿ ಪುರಸಭೆ ಚೆನ್ನೈ ಮಹಾನಗರಪಾಲಿಕೆಯಲ್ಲಿ ಕರಗಿತು. 2015ರ ಜೂನಿನಲ್ಲಿ ಕೋಯಂಬೇಡಿನಿಂದ ಆಲಂದೂರಿಗೆ ಚೆನ್ನೈಯ ಮೊದಲ ಮೆಟ್ರೋ ಓಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಮಣಪಾಕ್ಕಂ, ನಂದಂಬಾಕ್ಕಂ ಭಾಗದ ಮನೆಗಳು ಮುಳುಗಿದವು.

ಕ್ರೈಸ್ತ ಓದುಗರು ಗಮನಿಸಬೇಕಾದ ಇನ್ನೊಂದು ಸಣ್ಣ ಸಂಗತಿಯಿದೆ. ಬೆಟ್ಟದ ಬುಡದ ಆಂಗ್ಲೋ ಇಂಡಿಯನ್ನರಿಗೆ ತಮ್ಮ ಕ್ಷೇತ್ರದ ಶಾಸಕರಲ್ಲದೆ, ರಾಜ್ಯ ವಿಧಾನಸಭೆಯಲ್ಲಿ ಸಮುದಾಯದ ಒಬ್ಬ ನಾಮಕರಣ ಸದಸ್ಯರೂ ಇರುತ್ತಿದ್ದರು, ನಮ್ಮ ಕರ್ನಾಟಕದಲ್ಲಿ ಇದ್ದಂತೆಯೇ. 104ನೇ ಸಂವಿಧಾನ ತಿದ್ದುಪಡಿಯಿಂದಾಗಿ 2020ರ ಜನವರಿಯಲ್ಲಿ ಆ ವ್ಯವಸ್ಥೆ ಕೊನೆಗೊಂಡಿತು. ದನಿ ಬೇಕಿದ್ದರೆ ಇನ್ನು ಎಲ್ಲರಂತೆ ಸಾಮಾನ್ಯ ಮತಪೆಟ್ಟಿಗೆಯಲ್ಲೇ ಹುಡುಕಬೇಕು.

ಮುಂದೇನು ಎಂಬ ಪ್ರಶ್ನೆಗೆ ನಾವು ಜೋತಿಷ್ಯ ಹೇಳುವುದಿಲ್ಲ. ತಮಿಳುನಾಡಿನಲ್ಲಿ ನಟರು ಪಕ್ಷ ಕಟ್ಟುವುದು ನಿಂತಿಲ್ಲ. 2018ರಲ್ಲಿ ಕಮಲಹಾಸನ್, 2024ರ ಫೆಬ್ರುವರಿಯಲ್ಲಿ ವಿಜಯ್ ತಮ್ಮ ಪಕ್ಷಗಳನ್ನು ಘೋಷಿಸಿದರು. ಎಂ.ಜಿ.ಆರ್. ದಾರಿಯಲ್ಲಿ ನಡೆಯುತ್ತೇವೆನ್ನುವವರು ಆಲಂದೂರಿಗೆ ಬಂದರೆ ಅವರಿಗೆ ಸಿಗುವ ಮತದಾರ 1967ರವನಲ್ಲ. ದಂಡುಪ್ರದೇಶದಲ್ಲಿ ಒಂದು ಗೋಡೆ ಎಬ್ಬಿಸಲು ಸೇನೆಯ ಅನುಮತಿಗೆ ಅಲೆಯುವವನು ಒಬ್ಬ. ವಿಮಾನ ಹಾರುವ ದಾರಿಯೆಂದು ಮೂರನೇ ಮಾಳಿಗೆ ಕಟ್ಟಲಾಗದವನು ಇನ್ನೊಬ್ಬ. ಪ್ರತಿ ನವೆಂಬರಿನಲ್ಲಿ ಕಾರನ್ನು ಎತ್ತರದ ಸೇತುವೆಯ ಮೇಲೆ ನಿಲ್ಲಿಸಿ ಬರುವವನು ಮತ್ತೊಬ್ಬ. ಜೊತೆಗೆ ಸಾಫ್ಟ್‌ವೇರ್ ಕಂಪನಿಗಳ ಕೆಲಸಕ್ಕಾಗಿ ಬಂದು ಬಾಡಿಗೆ ಮನೆಯಲ್ಲಿರುವ ಸಾವಿರಾರು ಮಂದಿ, ಅವರಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರೂ ಇದ್ದಾರು. ಅನೇಕರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇರುತ್ತದೆ. ಚೆನ್ನೈ ಭಾಗದಲ್ಲಿ ಮತದಾನದ ಪ್ರಮಾಣ ರಾಜ್ಯದ ಸರಾಸರಿಗಿಂತ ಚುನಾವಣೆಯಿಂದ ಚುನಾವಣೆಗೆ ಕೆಳಗಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿರುವ ನಮ್ಮವರು ಹೆಸರನ್ನು ವಾಸದ ವಿಳಾಸಕ್ಕೆ ವರ್ಗಾಯಿಸಿಕೊಳ್ಳಲು ಚುನಾವಣಾ ಆಯೋಗದ ನಮೂನೆ 8ನ್ನು ತುಂಬಿ ಕೊಟ್ಟರೆ ಸಾಕು.